ಬೇಸಿನ್ ಕೆಳಗಿನ ಕಪಾಟು

ಶಿಡ್ಲಘಟ್ಟದಲ್ಲಿ ಇಪ್ಪತ್ತಾರು ವರ್ಷದಿಂದ ಬ್ರಷ್ ಹಿಡಿದವನು ನಾನು, ದಸ್ತಗೀರ್.
ಬಚ್ಚಲಿಗೆ ಯಾವ ಬಣ್ಣ ಅಂತ ಯಾರೂ ತಲೆ ಕೆಡಿಸಿಕೊಂಡಿದ್ದಿಲ್ಲ.
ಹಾಲಿಗೆ ಯೋಚಿಸುತ್ತಾರೆ, ದೇವರ ಕೋಣೆಗೆ ಜಗಳವಾಡುತ್ತಾರೆ,
ಬಚ್ಚಲಿಗೆ ಬಂದರೆ
‘ಉಳಿದದ್ದು ಬಳಿದುಬಿಡಿ ಸಾಬ್ರೇ.’

ಮುನಿಲಕ್ಷ್ಮಮ್ಮ ಹಾಗಲ್ಲ.
ಮೂರು ದಿನ ಶೇಡ್ ಕಾರ್ಡು ಆಯಮ್ಮನ ಮಡಿಲಲ್ಲೇ.
ಬಚ್ಚಲೊಳಗೆ ಒಯ್ದು, ಬಾಗಿಲು ಮುಂದಕ್ಕೆ ಮಾಡಿಕೊಂಡು
ಗೇಣಗಲದ ಕಿಂಡಿಯ ಬೆಳಕಿಗೆ ಹಿಡಿಯುವಳು,
ಬಲ್ಬು ಹಾಕುವಳು, ಆರಿಸುವಳು,
ಹೊರಗೆ ಬಂದು ನನ್ನನ್ನೇ ಬೈಯುವಳು:
‘ಅಂಗಳದಲ್ಲೊಂದು ಬಣ್ಣ, ಒಳಗೊಂದು ಬಣ್ಣ,
ನಿಮ್ಮ ಕಾರ್ಡೂ ನಮ್ಮ ನಾದಿನಿ ಥರಾನೇ.’

ಗಂಡ ಬ್ಯಾಟಪ್ಪನದು ಒಂದೇ ಮಾತು:
‘ಚಾಕಲೇಟು ಹೊಡೀರಿ. ಕೊಳೆ ಕಾಣಲ್ಲ.’
‘ಕೊಳೆ ಕಾಣಲ್ಲ, ಉಪ್ಪು ಕಾಣುತ್ತೆ’ ಅಂದೆ ನಾನು,
‘ಬೋರ್‌ವೆಲ್ ನೀರು ಕಡುಬಣ್ಣದ ಮೇಲೆ
ತಿಂಗಳೊಳಗೆ ರಂಗೋಲಿ ಹಾಕುತ್ತೆ.’
‘ಉಪ್ಪು ಆಮೇಲೆ’ ಅಂದಳು ಆಯಮ್ಮ,
‘ಅದು ಬೆಂದ ಹುಳದ ಬಣ್ಣ.’

ಕ್ರೀಮ್?
‘ಗೂಡು.’
ತಿಳಿಹಳದಿ?
‘ಅದೂ ಗೂಡೇ. ನಾಟಿ ಗೂಡು.’
ಹಸಿರು?
‘ಸೊಪ್ಪು. ಮದುವೆಯಾದ ವರ್ಷದಿಂದ ಕಿತ್ತಿದ್ದು ಸಾಲದಾ?’
ಕೊನೆಗೆ ಬಿಳಿ ಅಂದೆ.
ಮಾತಾಡಲಿಲ್ಲ.
ಗಾಳಿಯಲ್ಲಿ ಕೈ ಮಾತ್ರ ತಿರುಗಿತು, ನೂಲು ಸುತ್ತುವ ಹಾಗೆ.

ಹತ್ತೊಂಬತ್ತು ವರ್ಷ ಬೇಸಿನ್ ಮುಂದೆ ಕೂತ ಜೀವ.
ನಮ್ಮೂರಲ್ಲಿ ಬೇಸಿನ್ ಅಂದರೆ ಅದೇ:
ಕುದಿನೀರು, ತೇಲುವ ಗೂಡು,
ಎಳೆಯ ತುದಿ ಹುಡುಕುವ ಬೆರಳು,
ಸೀರೆ ಹಿಡಿದುಕೊಂಡು ಮನೆತನಕ ಬರುವ ವಾಸನೆ.
ಈಗ ಮನೆಯೊಳಗೇ ಒಂದು ಬೇಸಿನ್.
ತಣ್ಣೀರಿನದು. ಖಾಲಿ.
ಕೆಳಗೆ ನಂಜುಂಡಾಚಾರಿ ಮಾಡಿಕೊಟ್ಟ ಪ್ಲೈವುಡ್ ಕಪಾಟು,
ಎರಡು ಬಾಗಿಲು, ಒಂದು ಡ್ರಾಯರು,
ಎಡಗಡೆ ಬಾಗಿಲು ಸ್ವಲ್ಪ ಕಚ್ಚುತ್ತೆ.
ಮೊದಲ ದಿನ ನಲ್ಲಿ ತಿರುಗಿಸಿ ಸರಕ್ಕನೆ ಕೈ ಹಿಂದೆಳೆದುಕೊಂಡಳಂತೆ,
ಸುಡುತ್ತೆ ಅಂತ.
ಬ್ಯಾಟಪ್ಪ ನಗುನಗುತ್ತಾ ಹೇಳಿದ.
ಆಯಮ್ಮ ನಗಲಿಲ್ಲ.

‘ಯಾವುದರ ಬಣ್ಣಾನೂ ಅಲ್ಲದ ಬಣ್ಣ ಇಲ್ಲವಾ ಸಾಬ್ರೇ?’

ಇಷ್ಟು ವರ್ಷಕ್ಕೆ ಇಂಥ ಪ್ರಶ್ನೆ.
ಎಲ್ಲ ಬಣ್ಣಕ್ಕೂ ಒಬ್ಬ ವಾರಸುದಾರ ಇದ್ದೇ ಇರುತ್ತಾನೆ
ಅನ್ನಲು ಬಾಯಿ ತೆರೆದೆ.
ಅಷ್ಟರಲ್ಲಿ ಕೊನೆಯ ಹಾಳೆಯ ಮೂಲೆಯಲ್ಲಿ
ಒಂದು ಚೌಕದ ಮೇಲೆ ಬೆರಳಿಟ್ಟಿದ್ದಳು.
ನೀಲಿ ಅನ್ನುವ ಹಾಗಿಲ್ಲ, ಬೂದಿ ಅನ್ನುವ ಹಾಗೂ ಇಲ್ಲ,
ಮೋಡ ಅಲ್ಲ, ಪಾರಿವಾಳ ಅಲ್ಲ.
‘ಇದರ ಹೆಸರೇನು?’
ಹೆಸರು ಇಂಗ್ಲಿಷಿನಲ್ಲಿ, ಇರುವೆಯಂಥ ಅಕ್ಷರ,
ನನ್ನ ಕನ್ನಡಕ ಮನೆಯಲ್ಲಿ.
ನಂಬರು ಓದಿದೆ: ಏಳು, ಮೂರು, ಒಂದು, ನಾಲ್ಕು.
‘ಸಾಕು. ನಂಬರೇ ಇರಲಿ.’

ಗೋಡೆಗೆ ಅದನ್ನೇ ಒಂದು ಕೈ ತೆಳುವಾಗಿ,
ಕಪಾಟಿಗೆ ಎನಾಮೆಲ್, ಪೂರಾ ಗಾಢ.
ಡ್ರಾಯರಿಗೆ ಕೈಯಾಡಿಸಿ ಹಿಂದೆ ಸರಿದೆ.
‘ಒಣಗಿಲ್ಲಮ್ಮಾ’ ಅನ್ನುವಷ್ಟರಲ್ಲಿ ಒತ್ತಿಯಾಗಿತ್ತು.
ಬಗ್ಗಿ ನೋಡಿದೆ. ಗೆರೆಯೇ ಇಲ್ಲ.
ರೇಷನ್ ಅಂಗಡಿಯ ಮಿಷಿನ್ನು
ತಿಂಗಳು ತಿಂಗಳೂ ಒಲ್ಲೆ ಅನ್ನುವ ಬೆರಳು.
ನುಣ್ಣನೆಯ, ಕೋಲುಗುಂಡನೆಯ ಒಂದು ಗುಳಿ.
ಯಾವುದರ ಆಕಾರ ಅಂತ ನಾನು ಹೇಳಲಿಲ್ಲ.

ಸಂಜೆ ಅದರ ಮೇಲೆ ಎರಡನೇ ಕೋಟು ಎಳೆದು ಹೋದೆ.
ಬೆಳಿಗ್ಗೆ ಬಂದರೆ
ಅದೇ ಜಾಗದಲ್ಲಿ ಇನ್ನೊಂದು.
ಬ್ಯಾಟಪ್ಪ ನನ್ನ ಮುಖ ನೋಡಿದ,
ನಾನು ಕಿಂಡಿ ನೋಡಿದೆ.
ಮೂರನೇ ಕೋಟಿಗೆ ದುಡ್ಡು ಕೇಳಲಿಲ್ಲ,
ಹೊಡೆಯಲೇ ಇಲ್ಲ.

ಡಬ್ಬದಲ್ಲಿ ಕಾಲು ಲೀಟರು ಉಳಿದಿತ್ತು.
‘ಮುಂದಿನ ಮನೆ ಬಚ್ಚಲಿಗೆ ಆಗುತ್ತೆ, ಒಯ್ಯಲಾ?’ ಅಂದೆ.
ಕೈಯಿಂದ ಕಿತ್ತುಕೊಂಡು ಕಪಾಟಿನೊಳಗಿಟ್ಟು
ಬಾಗಿಲು ಹಾಕಿದಳು.
ಎಡಗಡೆಯದು ಕಚ್ಚಿತು.
ಮೊಣಕಾಲಲ್ಲಿ ಗುದ್ದಿದಳು.