ಪ, ಬ, ಮ

ಹಡಗುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ರಿವೆಟ್ ಬಡಿದೆ.
ಸಂಬಳದ ಜೊತೆ ಕಿವುಡೂ ಬಂತು,
ಅದಕ್ಕೆ ರಸೀದಿ ಇರಲಿಲ್ಲ.
ಆಮೇಲೆ ಗ್ರೀನಕ್ ಊರೆಂಬ ಊರೆಲ್ಲ
ಗಾಜಿನಾಚೆಯ ಮೀನು:
ಬಾಯಿ ಆಡುತ್ತದೆ, ಅಷ್ಟೆ.
ಇಶ್ಬೆಲ್‌ಳ ತುಟಿಯೊಂದನ್ನು ಮಾತ್ರ
ಓದಲು ಕಲಿತಿದ್ದೆ.

ಪ, ಬ, ಮ ಕಷ್ಟ.
ಮೂರಕ್ಕೂ ತುಟಿ ಮುಚ್ಚುವುದು ಒಂದೇ ಥರ.
ಬಿಲ್ಲೋ, ಪಿಲ್ಲೋ, ಮಿಲ್ಲೋ
ಬೇರೆಯವರ ಬಾಯಲ್ಲಿ ತಿಳಿಯದು,
ಅವಳ ಮೇಲ್ದುಟಿಯ ನಡುವಿನ ಸಣ್ಣ ಕುಳಿ
ಹೇಗೋ ಗುಟ್ಟು ಬಿಟ್ಟುಕೊಡುತ್ತಿತ್ತು.

ಒಂದು ಮಂಗಳವಾರ ಆ ಕುಳಿ ಇಲ್ಲ.
ಕಣಜ ಕಡಿದಿರಬೇಕು ಅಂದಳು.
ಫೆಬ್ರವರಿಯಲ್ಲಿ ಎಲ್ಲಿಯ ಕಣಜ?
ಬಾವು ಇಳಿಯಿತು, ಮತ್ತೆ ಬಂತು,
ಮೂರನೆಯ ಸಲ ಇಳಿಯುವುದನ್ನೇ ಮರೆತು
ಬಾಡಿಗೆ ಕೊಡದೆ ಉಳಿದುಬಿಟ್ಟಿತು.
ಮೀನು ಬಿಟ್ಟಳು. ಲಿಪ್‌ಸ್ಟಿಕ್ ಎಸೆದಳು.
ಪಾಪದ ದವಡೆಹಲ್ಲೊಂದನ್ನು ಕೀಳಿಸಿದಳು.
ಅಲರ್ಜಿ ಮಾತ್ರೆ ನುಂಗಿ
ಕ್ಯಾಂಟೀನಿನ ಕೌಂಟರ್ ಮೇಲೇ ತೂಕಡಿಸಿದಳು.
ಬಸ್ಸಿನಲ್ಲಿ ಹೆಂಗಸರು
ಅವಳ ತುಟಿ ನೋಡಿ, ನನ್ನ ಮುಷ್ಟಿ ನೋಡಿ
ಏನೋ ಅಂದುಕೊಂಡರು.
ಅದೊಂದು ಮಾತು ನನಗೆ ಸರಿಯಾಗಿ ಕೇಳಿಸಿತು.

ಎರಡು ವರ್ಷ
ತುಟಿಪಿಟಕ್ಕೆನ್ನದೆ ಸಹಿಸಿದಳು ಎಂದು ಅವಳಕ್ಕ ಹೊಗಳಿದಳು.
ಹಾಗಲ್ಲ. ಅಂದಿದ್ದಳು, ದಿನಾ ಅಂದಿದ್ದಳು.
ಓದಬೇಕಾದವನು ನಾನು.

ಗ್ಲಾಸ್ಗೋದ ಹಲ್ಲಿನ ಆಸ್ಪತ್ರೆಯಲ್ಲಿ
ಫಾರ್ಕರ್ ಎಂಬ ತೆಳ್ಳನೆಯ ಡಾಕ್ಟರಮ್ಮ
ತುಟಿ ಬಿಟ್ಟು ಹೊಟ್ಟೆ ವಿಚಾರಿಸಿದಳು,
ಸೀಳುಬಿದ್ದ ನಾಲಿಗೆ ನೋಡಿದಳು,
ಕ್ಷಯವಿಲ್ಲ ತಾನೆ ಎಂದು ಎದೆಯ ಫೋಟೋ ತೆಗೆಸಿದಳು.
ಬಾರ್ಲಿಕಾಳಿನಷ್ಟು ತುಟಿ ಕತ್ತರಿಸಿ ಕಳಿಸಿದಳು.
ಹದಿನೈದು ದಿನಕ್ಕೆ ನನಗಾಗಿ ಚೀಟಿಯಲ್ಲಿ ಬರೆದಳು:
ಕಳ್ಳನೇ ಇಲ್ಲದ ಬೀದಿಯಲ್ಲಿ
ಪೊಲೀಸರು ಗುಂಪುಕಟ್ಟಿ ನಿಂತಿದ್ದಾರೆ,
ಮನೆಗೆ ಹೋಗಿ ಎಂದರೂ ಹೋಗುತ್ತಿಲ್ಲ.
ಕೆಳಗೆ ಗೆರೆ ಎಳೆದು, ಗ್ರಾನ್ಯುಲೋಮ.
ಅದರ ಕೊನೆಯ ಅಕ್ಷರ ಮ.
ಅದನ್ನು ಮಾತ್ರ ತಪ್ಪಿಲ್ಲದೆ ಓದಿದೆ.

ಮರಗಟ್ಟಿಸಿ ತುಟಿಯೊಳಕ್ಕೆ ಸೂಜಿ,
ತಿಂಗಳಿಗೊಮ್ಮೆ.
ದಾಲ್ಚಿನ್ನಿ ಕೂಡದು, ಬಣ್ಣದ ಸೋಡಾ ಕೂಡದು.
ಆಪಲ್ ಪೈ ಸಪ್ಪೆಯಾಯಿತು,
ಟೂತ್‌ಪೇಸ್ಟಿನ ಪುದೀನವೂ ಹೋಯಿತು.
ಸೂಜಿ ಹೊಕ್ಕಾಗ ಅವಳು ಹಿಡಿದದ್ದು ನನ್ನ ಎಡಗೈ,
ಉಗುರಿನ ನಾಲ್ಕು ಗುರುತು ಒಂದು ವಾರವಿತ್ತು.

ಈಗ ಅರ್ಧ ಇಳಿದಿದೆ.
ಪೂರ್ತಿ ಇಳಿಯುತ್ತದೆ ಎಂದು ಡಾಕ್ಟರಮ್ಮ ಬರೆದುಕೊಟ್ಟಿಲ್ಲ,
ನಾವೂ ಕೇಳಿಲ್ಲ.
ಕುಳಿ ವಾಪಸು ಬಂದಿಲ್ಲ.

ನಿನ್ನೆ ಕಿಟಕಿ ಹತ್ತಿರ ಏನೋ ಅಂದಳು.
ಬಿಲ್ಲಾ? ಅಂದೆ. ಅಲ್ಲ.
ಮಿಲ್ಲಾ? ನಕ್ಕಳು, ತುಟಿಯ ಮೂಲೆ ಬಿರಿಯಿತು.
ಆಮೇಲೆ ನನ್ನ ಬೆರಳನ್ನು ತಂದು
ಆ ದಪ್ಪ ತುಟಿಯ ಮೇಲೆ ಇಟ್ಟುಕೊಂಡಳು.
ಪ ಅಂದರೆ ಒಂದು ಪುಟ್ಟ ಉಸಿರು.
ಬ ಅಂದರೆ ಒಳಗೆಲ್ಲೋ ಬಡಿತ.
ಮ ಮಾತ್ರ ಮುಗಿಯಲೇ ಇಲ್ಲ,
ಹಡಗಿನ ಎಂಜಿನ್ನಿನ ಹಾಗೆ ಬೆರಳೊಳಗೆ ಗುಂಯ್ ಎನ್ನುತ್ತಿತ್ತು.

ಬಹಳ ಹೊತ್ತು ತೆಗೆಯಲಿಲ್ಲ.
ಬೆರಳ ತುಂಬ ಮುಲಾಮು.