ಎರಡಿಂಚು ಒಳಗೆ

ಹಂಪನಕಟ್ಟೆಯ ಮಹಡಿಯಲ್ಲಿ ವಾರಿಜಾಳ ಹೊಲಿಗೆಯಂಗಡಿ.
ಕತ್ತರಿಸುವ ಮೇಜಿನಿಂದ ಯಾರದೋ ಮದುವೆ ರವಿಕೆ ಸರಿಸಿ
ಹಿಮಾಲಯದ ಒಂದು ಮೂಲೆಯನ್ನು ಹಾಸಿದ್ದೇವೆ.
ನಾಲ್ಕು ತುದಿ ಸುರುಳಿಯೇಳದ ಹಾಗೆ
ಕತ್ತರಿ, ಇಸ್ತ್ರಿಪೆಟ್ಟಿಗೆ, ಗುಂಡಿಗಳ ಡಬ್ಬ,
ಮತ್ತೆ ಝುಬೈದಾ ತಂದ ಗೋಳಿಬಜೆಯ ಪೊಟ್ಟಣ.
ಎಣ್ಣೆ ಆಗಲೇ ಒಂದು ಕಣಿವೆಗೆ ಇಳಿದಿದೆ.

ದಾರಿ ಎರಡು.
ಎಡದ್ದಕ್ಕೆ ಮೂರು ಸರೋವರ,
ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಕಲ್ಲಿನ ಏರು,
ಹದಿಮೂರು ಸಾವಿರದ ಏಳುನೂರು ಅಡಿ.
ಬಲದ್ದು ಉದ್ದ, ಸಾಧು. ಕೊನೆಗೆ ಒಂದೇ ಒಂದು ಕೆರೆ,
ಅದೂ ಸೆಪ್ಟೆಂಬರಿಗೆ ಬತ್ತಬಹುದೆಂದು ಅಂಚಿನಲ್ಲಿ ಸಣ್ಣಕ್ಷರ.

ಆ ಗೆರೆಗಳನ್ನು ಓದಲು ನನಗೆ ಬರುವುದಿಲ್ಲ.
ಕಂಕನಾಡಿಯ ಲ್ಯಾಬಿನಲ್ಲಿ ದಿನವಿಡೀ ನಾನು ಓದುವುದು
ಬೇರೆಯವರ ರಕ್ತ.
"ಇದೆಂತ ಕಷ್ಟ ಮಾರಾಯ್ತಿ," ಅಂದಳು ವಾರಿಜಾ,
"ನೆರಿಗೆ ಒತ್ತೊತ್ತು ಇದ್ದಲ್ಲಿ ಬಟ್ಟೆ ಎದ್ದು ನಿಲ್ತದೆ,
ದೂರ ದೂರ ಇದ್ದಲ್ಲಿ ಮಲಗ್ತದೆ.
ಗುಡ್ಡವೂ ಅಷ್ಟೆ."

ನೀಲಿ ನೂಲೆಳೆದು, ತುದಿಯನ್ನು ನಾಲಿಗೆಗೆ ತಾಗಿಸಿ
ಎಡದ ದಾರಿಯ ಮೇಲೆ ಮಲಗಿಸಿದಳು,
ತಿರುವು ತಿರುವಿಗೂ ಒಂದೊಂದು ಗುಂಡುಸೂಜಿ.
ಆಮೇಲೆ ಎತ್ತಿ ಟೇಪಿಗೆ ಹಿಡಿದಳು: ಹನ್ನೊಂದಿಂಚು.
ಅಷ್ಟೆಲ್ಲ ಸುತ್ತಿ ಬಳುಕಿ ಹೆದರಿಸಿದ್ದು
ನೆಟ್ಟಗಾದಾಗ ನನ್ನ ಮೊಳದಷ್ಟೂ ಇಲ್ಲ.

ತಯಾರಿ ಅಂದರೆ ತಯಾರಿ.
ಬೆನ್ನಚೀಲಕ್ಕೆ ಐದು ಕಿಲೋ ಕುಚ್ಚಲಕ್ಕಿ ತುಂಬಿ
ಕದ್ರಿ ಗುಡ್ಡದ ಮೆಟ್ಟಿಲು. ಝುಬೈದಾ ನಾಲ್ಕು ಸುತ್ತು,
ವಾರಿಜಾ ಮೂರು, ನಾನು ಒಂದೂವರೆ;
ಮತ್ತೆ ಕೆರೆಯ ಕಟ್ಟೆಯಲ್ಲಿ ಕೂತು ಇನ್‌ಹೇಲರ್ ಹುಡುಕಿದೆ.
ತಲೆ ಒರೆಸಿಕೊಳ್ಳುತ್ತಿದ್ದ ಒಬ್ಬರು ವಿಷಯ ತಿಳಿದು ಕೇಳಿದರು:
"ಕೆರೆ ಇಲ್ಲೇ ಉಂಟಲ್ಲ, ಒಂದಲ್ಲ ಏಳು.
ಅಷ್ಟು ದೂರ ಯಾಕೆ?"
ಮೂವರಲ್ಲಿ ಒಬ್ಬರಿಗೂ ಉತ್ತರ ಬರಲಿಲ್ಲ.

ಚಳಿಗೆ ಬಂದರಿನ ಐಸ್ ಪ್ಲಾಂಟು.
ಮೀನಿಗೆಂದು ಪುಡಿಮಾಡಿದ ರಾಶಿಯೊಳಗೆ
ರೋಹಿದಾಸಣ್ಣನ ವಾಚು ನೋಡಿ ಒಂದು ನಿಮಿಷ ಕೈ ಹೂತೆವು.
ಬಂಗುಡೆ ವಾಸನೆ ಎರಡು ದಿನ ಹೋಗಲಿಲ್ಲ.
ಹಿಮದ ಬಗ್ಗೆ ನಮಗೆ ಗೊತ್ತಿರುವುದು ಇಷ್ಟೆ.

"ಮೂರು ಸಿಗುವಾಗ ಒಂದಕ್ಕೆ ಯಾರು ಹೋಗ್ತಾರೆ?"
ಝುಬೈದಾಳ ಬೆರಳು ಎಡದಲ್ಲೇ ಊರಿದೆ.
ಇಬ್ಬರೂ ನನ್ನ ಕಡೆ ನೋಡುವುದಿಲ್ಲ,
ನನ್ನ ಕೈಚೀಲದ ಕಡೆಯಂತೂ ನೋಡುವುದೇ ಇಲ್ಲ,
ಎಷ್ಟು ಜಾಗ್ರತೆಯಿಂದ ಅಂದರೆ
ಆ ಜಾಗ್ರತೆಯೇ ನನಗೆ ಉಸಿರು ಕಟ್ಟಿಸುತ್ತದೆ.
"ಎಡದ್ದೇ ಇರಲಿ," ಅಂದೆ. ಜೋರಾಗಿಯೇ ಅಂದೆ.

ವಾರಿಜಾ ಚಾಕ್‌ಪೀಸನ್ನು ಬೆರಳಲ್ಲಿ ತಿರುಗಿಸುತ್ತ,
"ಮೈಗೆ ಸರಿಯಾಗಿ ಕತ್ತರಿಸಿದ ರವಿಕೆ
ಕೈ ಎತ್ತಿದ ಮೊದಲ ಸಲವೇ ಕಂಕುಳಲ್ಲಿ ಬಿಡ್ತದೆ.
ಒಳಗೆ ಎರಡಿಂಚು ಇಟ್ಟುಕೊಳ್ಬೇಕು."
ಎರಡನೆಯ ಸರೋವರದ ಆಚೆಗೆ ಒಂದು ಗೆರೆ ಎಳೆದು
ನಕ್ಷೆಯನ್ನು ಅಲ್ಲಿಗೇ ಮಡಚಿದಳು.
ಮೂರನೆಯದು ಒಳಕ್ಕೆ ಹೋಯಿತು, ಕಲ್ಲಿನ ಏರೂ.
"ಹರಿದು ಬಿಸಾಡಿದ್ದಲ್ಲ. ಬೇಕಾದಾಗ ಬಿಚ್ಚುವ."

ಝುಬೈದಾ ತುಂಬ ಹೊತ್ತು ಮಾತಾಡಲಿಲ್ಲ.
ತಣ್ಣಗಾದ ಗೋಳಿಬಜೆ ಒಂದನ್ನು ಪೂರ್ತಿ ಜಗಿದು,
"ಗಟ್ಟಿ ಹೊಲಿಗೆ ಹಾಕ್ಬೇಡ,
ಕಚ್ಚಾ ಸಾಕು," ಅಂದಳು.

ರಾತ್ರಿ ಬೆಂಗರೆಯ ಕೊನೆಯ ದೋಣಿ.
ಎಲ್ಲ ಎತ್ತರವನ್ನೂ ಸಮುದ್ರದಿಂದ ಅಳೆಯುತ್ತಾರಂತೆ;
ಹಾಗಾದರೆ ಈ ಹಲಗೆಯ ಮೇಲೆ ಕೂತ ನಾನು
ಎರಡಡಿ, ಅಲೆ ಬಂದಾಗ ಮೂರು.
ಚಿಲ್ಲರೆಗೆಂದು ಚೀಲಕ್ಕೆ ಕೈಹಾಕಿದರೆ ನೀಲಿ ನೂಲು.
ಯಾವಾಗ ತೆಗೆದುಕೊಂಡೆನೋ.
ಬೆರಳಿಗೆ ಸುತ್ತುತ್ತ ಬಂದೆ, ಮೊದಲ ಕೆರೆ, ಎರಡನೆಯದು,
ಅಲ್ಲಿ ನಿಲ್ಲಿಸಬೇಕಿತ್ತು;
ಇನ್ನೂ ನಾಲ್ಕಿಂಚು ಉಳಿದಿತ್ತು, ಸುತ್ತಿದೆ.

ದಡ ಸಿಗುವಾಗ ಬೆರಳ ತುದಿ ತಣ್ಣಗಿತ್ತು.