ಕಚ್ಚಾ ಹೊಲಿಗೆ

ಮೇಣದೊಳಗೆ ಕೂತಿದ್ದಾನೆ ವನ್ನೂರಪ್ಪ,
ಅಂದರೆ ಅವನ ಬಾಲಮೂಳೆಯ ಗಡ್ಡೆಯ ಚೂರು,
ಹುಣಸೆಬೀಜದಷ್ಟು.
ಬಳ್ಳಾರಿಯ ಬಿಸಿಲಿಗೆ ಮೇಣ ಮೆತ್ತಗಾಗುತ್ತದೆಂದು
ಮೊದಲು ಐಸಿನ ಮೇಲಿಟ್ಟು ಕಾಯುತ್ತೇನೆ.
ಆಮೇಲೆ ಅಲಗು.
ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ
ಸುರುಳಿ ಸುರುಳಿ ಬರುತ್ತದೆ,
ಉಗುರುಬೆಚ್ಚಗಿನ ನೀರಿಗೆ ಬಿಟ್ಟರೆ
ಸುಕ್ಕು ಬಿಚ್ಚಿ ಮಲಗುತ್ತದೆ.

ಅವನಿಗೆ ಮಾತ್ರ ಮಲಗಲೂ ಆಗದು, ಕೂರಲೂ ಆಗದು.
ದೊಡ್ಡಾಸ್ಪತ್ರೆಗೆ ಬಂದ ದಿನ ಕಂಕುಳಲ್ಲಿ
ಗಾಳಿ ತುಂಬಿದ ಸ್ಕೂಟರಿನ ಟ್ಯೂಬು.
ಕೌಲ್ ಬಜಾರಿನ ಸಂದಿಯಲ್ಲಿ ಹತ್ತೊಂಬತ್ತು ವರ್ಷ
ಜೇಬಿಗೆ ಇಷ್ಟು, ಜಿಪ್ಪಿಗೆ ಇಷ್ಟು ಎಂದು
ಮಶೀನಿನ ಮುಂದೆ ಕೂತವನು.
"ಕುಂತು ಕುಂತು ಆಗೇತಿ" ಎಂದರು ಎಲ್ಲರೂ.
ಮೂಲವ್ಯಾಧಿ ಎಂದನೊಬ್ಬ, ಉಳುಕು ಎಂದನೊಬ್ಬ,
ಎಣ್ಣೆ, ಪಟ್ಟಿ, ಸೊಂಟಕ್ಕೆ ಸೂಜಿ.
ಎರಡು ವರ್ಷ ಅದು ಒಳಗೆ ತಣ್ಣಗೆ ಬೆಳೆಯಿತು
ಯಾವ ಅವಸರವೂ ಇಲ್ಲದೆ.

ಹತ್ತು ಲಕ್ಷ ಜನರಲ್ಲಿ ವರ್ಷಕ್ಕೊಬ್ಬರಿಗೆ, ಎಂದರು ಡಾಕ್ಟರಮ್ಮ.
"ಲಾಟ್ರಿ ಹತ್ತಿದಂಗ."
ಜೀನ್ಸ್ ನೋಡಬೇಕು, ಎಂದರು.
"ಯಾವ ಸೈಜು ಬೇಕ್ರಿ? ಮೂವತ್ತೆರಡು ಐತಿ, ಮೂವತ್ನಾಕು ಐತಿ."
ವಾರ್ಡೆಲ್ಲ ನಕ್ಕಿತು.
ಕನ್ನಡದಲ್ಲಿ ಬರೆದರೆ ಎರಡೂ ಒಂದೇ ನೋಡಿ,
ಅದೇ ದೀರ್ಘ, ಅದೇ ಒತ್ತು.

ಅವನಿಗೆ ನಾನೇ ಹೇಳಿದೆ, ಅದು ನನ್ನ ಕೆಲಸವಲ್ಲ,
ನಾನು ಬರೀ ಕೊಯ್ಯುವವಳು:
ತಾಯಿ ಹೊಟ್ಟೆಯಲ್ಲಿ ಎಲುಬು ಮೂಡುವ ಮುಂಚೆ
ಬೆನ್ನಿನುದ್ದಕ್ಕೂ ಒಂದು ಎಳೆ ಓಡಿರುತ್ತದೆ.
ಇಲ್ಲಿ ಬೆನ್ನು, ಇಲ್ಲಿ ಬೆನ್ನು ಎಂದು
ಒಂದು ಜೀನು ಕೂಗುತ್ತಿರುತ್ತದೆ.
ಮಣಿ ಮಣಿ ಎಲುಬು ಬಂದು ಸೇರಿದ ಮೇಲೆ
ಅದು ಬಾಯಿ ಮುಚ್ಚುತ್ತದೆ, ಎಳೆ ಕರಗುತ್ತದೆ.

ಅವನು ತಟ್ಟನೆ:
"ಕಚ್ಚಾ ಹೊಲಿಗಿ.
ಪಕ್ಕಾ ಹೊಲಿಗಿ ಬಿದ್ದಮ್ಯಾಲ ಕಿತ್ತು ಒಗಿತೀವಿ."
ಹೌದು.
"ನಮ್ಮವ್ವನ ಹೊಟ್ಯಾಗ ಯಾವನೋ ಕೀಳಾಕ ಮರತಾನ."

ಅದೇ ವರ್ಷ ಸಿಂಧನೂರು ಕಡೆಯ ಹುಡುಗಿ, ಹುಲಿಗೆಮ್ಮ.
ಬೆನ್ನು ತಲೆಬುರುಡೆಗೆ ಸೇರುವಲ್ಲಿ ಅದೇ ಗಡ್ಡೆ.
ಚಂದ್ರ ಎರಡಾಗಿ ಕಂಡಾಗ
ಕನ್ನಡಕ ಬದಲಿಸಿದ್ದರಂತೆ, ಮೂರು ಸಲ.
ಇಬ್ಬರ ಚೂರನ್ನೂ ಒಂದೇ ಡಬ್ಬಿಯಲ್ಲಿ ಕಳಿಸಿದೆವು.

ತಿಂಗಳುಗಳಾದ ಮೇಲೆ ಬಂತು ಹಾಳೆ,
ಸಾವಿರಾರು ಸಣ್ಣ ಚೌಕ.
ಜೋರಾಗಿ ನುಡಿಯುವ ಜೀನು ಕೆಂಪು, ಗುನುಗುವುದು ನೀಲಿ.
ಆ ಹಳೆಯ ಕೂಗು ಇಬ್ಬರಲ್ಲೂ ಕೆಂಪೇ.
ಉಳಿದಂತೆ ಬಾಲದ ತುದಿಯದು ಒಂದು ನಮೂನೆ,
ತಲೆಯ ಬುಡದ್ದು ಇನ್ನೊಂದು.
ಒಂದೇ ಥಾನಿನ ಬಟ್ಟೆಯನ್ನು
ಎರಡು ಯೂನಿಟ್ಟಿನಲ್ಲಿ ತೊಳೆಸಿದ ಹಾಗೆ:
ಇದು ಮಸಿನೀಲಿ, ಅದು ಮೊಣಕಾಲಲ್ಲಿ ಬಿಳಚು.
ಯಾವ ನೀರು, ಯಾವ ಕಲ್ಲು, ಎಷ್ಟು ಹೊತ್ತು,
ಚರಂಡಿಯ ನೀಲಿ ನೋಡಿ ಹೇಳಬಲ್ಲವರು
ಈ ಊರಲ್ಲಿದ್ದಾರೆ. ಈ ಹಾಳೆಗೆ ಇಲ್ಲ.

ವ್ಯತ್ಯಾಸವಿದೆ ಎಂದಷ್ಟೇ ಬರೆದಿತ್ತು.
ಕೊನೆಯ ಸಾಲು: ಇನ್ನೂ ಹೆಚ್ಚಿನ ಮಾದರಿಗಳು ಬೇಕು.
ಮಾದರಿ ಎಂದರೆ ಯಾರದೋ ಬೆನ್ನು.
ಬೇಕು ಎನ್ನಲು ನಾಲಿಗೆ ಹೊರಳಲಿಲ್ಲ.

ಹುಲಿಗೆಮ್ಮ ಮತ್ತೆ ಬರಲಿಲ್ಲ,
ಕೊಟ್ಟ ನಂಬರು ಸೋದರಮಾವನದು, ಅವನು ಎತ್ತುವುದಿಲ್ಲ.
ವನ್ನೂರಪ್ಪನ ಬೆನ್ನಿನ ಬುಡದಲ್ಲಿ ಈಗ
ಅಂಗೈಯಷ್ಟು ಎಲುಬಿಲ್ಲ.
ಕೂರುವ ಕೆಲಸ ಮುಗಿಯಿತು. ನಿಂತು ಮಾಡುವುದು ಒಂದಿದೆ,
ಕಟಿಂಗ್ ಮೇಜು.
ನೀಲಿ ಸೀಮೆಸುಣ್ಣದಲ್ಲಿ ಗೆರೆ ಹಾಕಿ
ನಲವತ್ತು ಪದರ ಒಟ್ಟಿಗೆ ಕತ್ತರಿಸುತ್ತಾನೆ.
"ನೀವು ಒಂದೊಂದೇ ಕೊಯ್ತೀರಿ, ಲುಕ್ಸಾನು" ಎನ್ನುತ್ತಾನೆ ನನಗೆ.
ತಪಾಸಣೆಗೆ ಬಂದಾಗಲೆಲ್ಲ ಕೇಳುತ್ತಾನೆ:
"ಅದು ಇನ್ನೂ ಕೂಗಾಕ ಹತ್ತೇತೇನ್ರಿ?"

ಕಳೆದ ಸಲ ನನ್ನ ಮಗನಿಗೊಂದು ಪ್ಯಾಂಟು ತಂದ.
ಕಾಲಿನ ಮಡಿಕೆಯಲ್ಲಿ ಬಿಳಿ ದಾರ, ದೊಡ್ಡ ದೊಡ್ಡ ಹೊಲಿಗೆ.
"ಕೀಳೋದು ನಿಮಗ ಬಿಟ್ಟೀನಿ."
ರಾತ್ರಿ ಒಲೆಯ ಪಕ್ಕ ನಿಂತು ಎಳೆದೆ,
ಒಂದೇ ಎಳೆತಕ್ಕೆ ಬಂತು.
ಎಲ್ಲಿ ಎಸೆಯುವುದೋ ತಿಳಿಯದೆ
ಬೆರಳಿಗೆ ಸುತ್ತಿಕೊಂಡು ನಿಂತೇ ಇದ್ದೆ,
ಹಾಲು ಉಕ್ಕಿತು.